ಪ್ಲಾನ್ 300, ಕೋಣೆಯಲ್ಲಿ 22: ವೇಗ ಎಲ್ಲಿ ಸೋರುತ್ತದೆ?

ಉಡುಪಿಯ ಹತ್ತಿರ ನನ್ನ ಅಕ್ಕನ ಮನೆ ಇದೆ. ಕೆಂಪುಕಲ್ಲಿನ ಹಳೆಯ ಮನೆ, ಹಿಂದೆ ಅಡಿಕೆ ತೋಟ. ಭಾವ ವಾರದಲ್ಲಿ ಮೂರು ದಿನ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾರೆ. ಕಳೆದ ಮಳೆಗಾಲದಲ್ಲಿ ಅಕ್ಕನ ಫೋನ್ ಬಂತು. "ನೂರರ ಪ್ಲಾನ್ ಇದ್ದದ್ದನ್ನು ಮುನ್ನೂರು ಮಾಡಿಸಿದೆವು ಮಾರಾಯ. ಆದರೂ ಭಾವನ ಕೋಣೆಯಲ್ಲಿ ಒಂದು ಮೀಟಿಂಗ್ ಸರಿ ನಡೆಯುವುದಿಲ್ಲ. ಅರ್ಧದಲ್ಲಿ ಎಲ್ಲರ ಮುಖ ನಿಂತುಬಿಡುತ್ತದೆ." ಇಂಟರ್ನೆಟ್ ಕಂಪನಿಯ ಹುಡುಗ ಎರಡು ಸಲ ಬಂದು ನೋಡಿ, "ನಮ್ಮ ಕಡೆಯಿಂದ ಫುಲ್ ಸ್ಪೀಡ್ ಬರ್ತಾ ಇದೆ ಅಕ್ಕ" ಎಂದು ಹೇಳಿ ಹೋಗಿದ್ದನಂತೆ. ಅಕ್ಕನಿಗೆ ಅವನ ಮೇಲೆ ಸಿಟ್ಟು.

ಆ ಹುಡುಗ ಹೇಳಿದ್ದು ನಿಜ. ಅಕ್ಕ ಹೇಳಿದ್ದೂ ನಿಜ. ಇಬ್ಬರೂ ಬೇರೆ ಬೇರೆ ವೇಗದ ಬಗ್ಗೆ ಮಾತಾಡುತ್ತಿದ್ದರು.

ಇಂಟರ್ನೆಟ್ ಅಂದಾಗ ನಾವು ಅದನ್ನು ಒಂದೇ ದಾರಿ ಅಂದುಕೊಳ್ಳುತ್ತೇವೆ. ಅಲ್ಲಿ ಎರಡು ದಾರಿಗಳಿವೆ. ಒಂದು, ಕಂಪನಿಯ ಕೇಂದ್ರದಿಂದ ಹೊರಟು, ಕಂಬದಿಂದ ಕಂಬಕ್ಕೆ ಹಾದು, ನಿಮ್ಮ ಗೋಡೆಯ ಮೇಲಿರುವ ಫೈಬರ್ ಬಾಕ್ಸ್‌ಗೆ ಬಂದು ಮುಟ್ಟುವ ದಾರಿ. ಇನ್ನೊಂದು, ಆ ಬಾಕ್ಸ್‌ನಿಂದ ನಿಮ್ಮ ಫೋನು, ಲ್ಯಾಪ್‌ಟಾಪ್, ಟೀವಿಗೆ ಹೋಗುವ ದಾರಿ. ನೀವು ತಿಂಗಳಿಗೆ ದುಡ್ಡು ಕಟ್ಟುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದು ನಿಮ್ಮ ಮನೆಯ ಆಸ್ತಿ. ನಿಮ್ಮ ರೌಟರ್, ನಿಮ್ಮ ಕೇಬಲ್, ನಿಮ್ಮ ಗೋಡೆ. ಪ್ಲಾನ್ ಎಷ್ಟೇ ಏರಿಸಿದರೂ ಈ ಎರಡನೆಯ ದಾರಿ ಒಂದಿಷ್ಟೂ ಅಗಲವಾಗುವುದಿಲ್ಲ.

ಭಾವನಿಗೆ ಇದನ್ನು ತೋಟದ ಲೆಕ್ಕದಲ್ಲಿ ಹೇಳಿದೆ. ಬಾವಿಗೆ ಎಷ್ಟು ದೊಡ್ಡ ಪಂಪ್ ತಂದರೂ ನಡುವೆ ಎಲ್ಲೋ ಅರ್ಧ ಇಂಚಿನ ಪೈಪ್ ಉಳಿದಿದ್ದರೆ ಕೊನೆಯ ಸ್ಪ್ರಿಂಕ್ಲರ್ ಸರಿಯಾಗಿ ತಿರುಗುತ್ತದಾ? ಅವರು ತಕ್ಷಣ, "ಮೊದಲು ಆ ಪೈಪ್ ಎಲ್ಲಿದೆ ಅಂತ ಹುಡುಕಬೇಕು" ಎಂದರು. ಸರಿಯಾದ ಉತ್ತರ. ಆ ದಿನ ನಾವು ಮಾಡಿದ್ದೂ ಅದನ್ನೇ.

ಹುಡುಕುವ ಮೊದಲು ಒಂದು ಲೆಕ್ಕ ಸ್ಪಷ್ಟ ಮಾಡಿಕೊಳ್ಳಿ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಕಂಪನಿಯ ಜೊತೆ ಜಗಳ ಆಡುತ್ತಾರೆ. ಪ್ಲಾನ್‌ನಲ್ಲಿ ಬರೆದಿರುವ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಫೈಲ್ ಡೌನ್‌ಲೋಡ್ ಮಾಡುವಾಗ ಕಂಪ್ಯೂಟರ್ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್. ಒಂದು ಬೈಟ್‌ಗೆ ಎಂಟು ಬಿಟ್. ಅಂದರೆ 300ರ ಪ್ಲಾನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 37.5 ಮೆಗಾಬೈಟ್ ಇಳಿಯುತ್ತದೆ, 100ರದ್ದಾದರೆ 12.5. ಡೌನ್‌ಲೋಡ್ ಕಿಟಕಿಯಲ್ಲಿ 12 ಕಂಡರೆ ಅದು ನೂರರ ಪ್ಲಾನ್‌ಗೆ ಪೂರ್ತಿ ವೇಗ. ಹನ್ನೆರಡೇ ಬರ್ತಿದೆ ಎಂದು ಬೇಸರ ಮಾಡಿಕೊಳ್ಳುವ ಅಗತ್ಯವಿಲ್ಲ.

ಈಗ ಅಕ್ಕನ ಮನೆಗೆ ಬರೋಣ. ಮೊದಲು ಭಾವನ ಕೋಣೆಯಲ್ಲಿ ಫೋನ್ ಹಿಡಿದು ಸ್ಪೀಡ್ ಟೆಸ್ಟ್ ಮಾಡಿದೆ. 22 ಬಂತು. ಹಾಲ್‌ಗೆ ಬಂದು ರೌಟರ್ ಪಕ್ಕವೇ ನಿಂತು ಮಾಡಿದೆ. 48. ಇಲ್ಲಿಗೆ ಒಂದು ವಿಷಯ ಗೊತ್ತಾಯಿತು. ಗೋಡೆಗಳು ಅರ್ಧಕ್ಕಿಂತ ಜಾಸ್ತಿ ತಿನ್ನುತ್ತಿವೆ. ಆದರೆ ಗೋಡೆಯೇ ಇಲ್ಲದ ಜಾಗದಲ್ಲೂ 300 ಯಾಕೆ ಬರಲಿಲ್ಲ?

ಅಕ್ಕನ ಮಗನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಕೇಬಲ್ ಸಿಕ್ಕಿಸುವ ಕಿಂಡಿ ಇತ್ತು. ಈಗಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುವುದೇ ಕಡಿಮೆ. ಒಂದು ಕೇಬಲ್ ತೆಗೆದುಕೊಂಡು ಲ್ಯಾಪ್‌ಟಾಪನ್ನು ರೌಟರ್‌ಗೆ ಜೋಡಿಸಿದೆ. 94. ಮತ್ತೊಮ್ಮೆ ಮಾಡಿದೆ. 94. ಮೂರನೆಯ ಸಲವೂ 94. ಆಮೇಲೆ ಅದೇ ಕೇಬಲನ್ನು ರೌಟರ್‌ನಿಂದ ಕಿತ್ತು ನೇರವಾಗಿ ಕಂಪನಿಯ ಫೈಬರ್ ಬಾಕ್ಸ್‌ಗೆ ಹಾಕಿದೆ. 290 ದಾಟಿತು. ಅಕ್ಕ ಹಿಂದೆ ನಿಂತು ನೋಡುತ್ತಿದ್ದಳು. "ಹಾಗಾದ್ರೆ ಆ ಹುಡುಗನಿಗೆ ಸುಮ್ನೆ ಬೈದೆನಾ?" ಎಂದಳು.

ಈ 94 ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಪ್ಲಾನ್ ನೂರಕ್ಕಿಂತ ಜಾಸ್ತಿ ಇದ್ದೂ ನಿಮ್ಮ ಕೇಬಲ್ ಟೆಸ್ಟ್ 94, 95ರಲ್ಲಿ ಗೋಡೆಗೆ ಹೊಡೆದಂತೆ ನಿಲ್ಲುತ್ತಿದ್ದರೆ, ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಅಥವಾ 100ಕ್ಕೆ ಇಳಿದ ಕೇಬಲ್ ಇದೆ ಎಂದೇ ಅರ್ಥ. 100 ಅಂದಮೇಲೆ 94 ಯಾಕೆ? ನಮ್ಮ ಮಾಹಿತಿ ತುಂಡುತುಂಡಾಗಿ ಹೋಗುತ್ತದೆ. ಪ್ರತಿ ತುಂಡಿಗೂ ಎಲ್ಲಿಂದ ಎಲ್ಲಿಗೆ ಎಂಬ ವಿಳಾಸ ಅಂಟಿಸಬೇಕು, ಎರಡು ತುಂಡುಗಳ ನಡುವೆ ಸ್ವಲ್ಪ ಜಾಗ ಬಿಡಬೇಕು. ಇದೆಲ್ಲ ಸೇರಿ ತಂತಿಯ ಮೇಲೆ 1538 ಬೈಟ್‌ನಷ್ಟು ಹೊತ್ತು ಹಿಡಿದರೆ ಅದರಲ್ಲಿ ನಮಗೆ ಬೇಕಾದ ಸರಕು 1460 ಬೈಟ್. ನೂರರಲ್ಲಿ ಅದು ಹತ್ತಿರಹತ್ತಿರ 95 ಆಗುತ್ತದೆ.

ಅಕ್ಕನ ಮನೆಯ ರೌಟರ್ ಹಳೆಯದು. 50ರ ಪ್ಲಾನ್ ಇದ್ದ ಕಾಲದಲ್ಲಿ ಕೊಂಡದ್ದು. ಆಗ ಅದಕ್ಕೆ 100ರ ಪೋರ್ಟ್ ಧಾರಾಳ ಸಾಕಾಗಿತ್ತು. ಆಮೇಲೆ ಫೈಬರ್ ಬಾಕ್ಸ್ ಹೊಸದು ಬಂತು, ಪ್ಲಾನ್ ಎರಡು ಸಲ ಏರಿತು, ಆದರೆ ರೌಟರ್ ಮಾತ್ರ ಅಲ್ಲೇ ಉಳಿಯಿತು. ಕಾರಣ ಕೇಳಿದರೆ, ಟೀವಿ, ಸಿಸಿಟಿವಿ, ಪ್ರಿಂಟರ್ ಎಲ್ಲದಕ್ಕೂ ಅದರ ಪಾಸ್‌ವರ್ಡ್ ಹಾಕಿಯಾಗಿದೆ, ಮತ್ತೆ ಯಾರು ಬದಲಿಸುತ್ತಾ ಕೂರುವುದು ಎಂಬ ಉತ್ತರ ಬಂತು. ಇದು ಎಷ್ಟು ಮನೆಗಳ ಕತೆ! ಹೊಸ ಬಾಕ್ಸ್‌ನಲ್ಲಿ ಒಳ್ಳೆಯ ವೈಫೈ ಇದ್ದರೂ ಅದನ್ನು ಬಿಟ್ಟು ಹಳೆಯ ರೌಟರನ್ನು ಅದರ ಬಾಲಕ್ಕೆ ಕಟ್ಟಿಕೊಂಡು ಬದುಕುತ್ತಿದ್ದೇವೆ. ಇದಕ್ಕೆ ಸುಲಭದ ದಾರಿ ಇದೆ. ಹೊಸ ಬಾಕ್ಸ್‌ನ ವೈಫೈಗೆ ಹಳೆಯ ರೌಟರ್‌ನ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಹಳೆಯದನ್ನು ಆಫ್ ಮಾಡಿಬಿಟ್ಟರೆ ಆಯಿತು. ಟೀವಿ, ಕ್ಯಾಮೆರಾ ಎಲ್ಲ ಸಾಮಾನ್ಯವಾಗಿ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ.

ಆ ಹಳೆಯ ರೌಟರ್‌ನ ಡಬ್ಬಿಯ ಮೇಲೆ ದೊಡ್ಡದಾಗಿ 300 ಎಂಬಿಪಿಎಸ್ ಎಂದು ಬರೆದಿತ್ತು. ಅಕ್ಕ ಅದನ್ನು ತಂದು ತೋರಿಸಿದಳು. ಇಲ್ಲಿ ಮೋಸ ಹೋಗುವುದು ಬಹಳ ಸುಲಭ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆ 300 ಗಾಳಿಯಲ್ಲಿ ಹೋಗುವ ವೇಗದ ಲೆಕ್ಕ, ಅದೂ ಎಲ್ಲವೂ ಒಳ್ಳೆಯದಾಗಿದ್ದರೆ. 2009ರಲ್ಲಿ ಬಂದ ವೈಫೈ ಪದ್ಧತಿಯಲ್ಲಿ, ಈಗ ಅದನ್ನು ವೈಫೈ 4 ಎನ್ನುತ್ತಾರೆ, ಒಂದು ಆಂಟೆನಾ, ಸಾಮಾನ್ಯ ಅಗಲದ ಚಾನೆಲ್ (ಗಾಳಿಯಲ್ಲಿ ಮಾಹಿತಿ ಹೋಗುವ ಓಣಿ) ಇದ್ದರೆ ಸಿಗುವುದು 72 ಎಂಬಿಪಿಎಸ್. ಚಾನೆಲ್ ಎರಡು ಪಟ್ಟು ಅಗಲ ಮಾಡಿದರೆ 150. ಎರಡು ಆಂಟೆನಾ ಒಟ್ಟಿಗೆ ಕೆಲಸ ಮಾಡಿದರೆ 300. ರೌಟರ್‌ನಲ್ಲಿ ಎರಡು ಆಂಟೆನಾ ಇದ್ದರೆ ಸಾಲದು, ಫೋನ್‌ನಲ್ಲೂ ಎರಡು ಇರಬೇಕು. ಅಕ್ಕಪಕ್ಕದ ಮನೆಯ ವೈಫೈ ಇದ್ದರೆ ಅಗಲದ ಚಾನೆಲ್ ಸಿಗುವುದೂ ಕಷ್ಟ. ಇಷ್ಟೆಲ್ಲ ಆದಮೇಲೂ ಗಾಳಿಯಲ್ಲಿ ಕಾಣಿಸುವ ವೇಗದ ಅರ್ಧ, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ, ನಮ್ಮ ಕೆಲಸಕ್ಕೆ ಸಿಗುತ್ತದೆ. ಉಳಿದದ್ದು ಸರದಿ ಕಾಯುವುದರಲ್ಲಿ, ಸಿಕ್ಕಿತು ಎಂದು ತಿಳಿಸುವುದರಲ್ಲಿ, ಹಾಳಾದ ತುಂಡನ್ನು ಮತ್ತೆ ಕಳಿಸುವುದರಲ್ಲಿ ಹೋಗುತ್ತದೆ. ಇದೆಲ್ಲ ದಾಟಿ 300ಕ್ಕೆ ಹತ್ತಿರ ಬಂದರೂ ಹಿಂದಿನ ಪೋರ್ಟ್ 100ರದ್ದು. ಆ ರೌಟರ್‌ನಿಂದ ಇಂಟರ್ನೆಟ್ 95ರ ಮೇಲೆ ಬರಲು ಸಾಧ್ಯವೇ ಇಲ್ಲ.

1200 ಎಂದು ಬರೆದ ಡಬ್ಬಿಗಳೂ ಅಂಗಡಿಯಲ್ಲಿ ಇರುತ್ತವೆ. ವೈಫೈ ಹೆಚ್ಚಾಗಿ ಓಡುವುದು 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ರೇಡಿಯೋ ಪಟ್ಟಿಗಳಲ್ಲಿ. ಆ 1200 ಎಂದರೆ 2.4ರ 300 ಮತ್ತು 5ರ 867 ಕೂಡಿಸಿ, ದುಂಡು ಮಾಡಿದ ಸಂಖ್ಯೆ. ನಿಮ್ಮ ಫೋನ್ ಒಂದು ಸಲಕ್ಕೆ ಇವೆರಡರಲ್ಲಿ ಒಂದನ್ನು ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಇಂಥ 1200ರ ರೌಟರ್‌ಗಳಲ್ಲೂ ಕಡಿಮೆ ಬೆಲೆಯ ಕೆಲವಕ್ಕೆ ಹಿಂದೆ 100ರ ಪೋರ್ಟ್‌ಗಳೇ ಇರುತ್ತವೆ. ಕೊಳ್ಳುವ ಮೊದಲು ಡಬ್ಬಿಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಓದಿ. 10/100 ಎಂದಿದ್ದರೆ ನೂರಕ್ಕೆ ನಿಲ್ಲುತ್ತದೆ. 10/100/1000 ಅಥವಾ ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ಎಂದಿದ್ದರೆ ಸರಿ. ಅಂಗಡಿಯವರನ್ನು ಕೇಳುವುದಾದರೂ ಆಂಟೆನಾ ಎಷ್ಟು ಎಂದು ಕೇಳಬೇಡಿ, ಪೋರ್ಟ್ ಗಿಗಾಬಿಟ್ಟಾ ಎಂದು ಕೇಳಿ.

ಗಾಳಿಯಲ್ಲಿ ಏನಾಗುತ್ತದೆ

ಕೇಬಲ್‌ನಲ್ಲಿ ಎಲ್ಲ ಲೆಕ್ಕ ಖಚಿತ. ವೈಫೈಯಲ್ಲಿ ಹಾಗಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಉದ್ದದ ಪಂಕ್ತಿಗೆ ಬಡಿಸುವವರು ಒಬ್ಬರೇ ಎಂದುಕೊಳ್ಳಿ. ಒಂದು ಹೊತ್ತಿಗೆ ಒಂದೇ ಎಲೆಗೆ ಬಡಿಸಬಹುದು. ಒಂದು ಚಾನೆಲ್‌ನ ವೈಫೈಯೂ ಬಹುಮಟ್ಟಿಗೆ ಹೀಗೆಯೇ. ಒಂದು ಕ್ಷಣದಲ್ಲಿ ಒಬ್ಬರು ಮಾತ್ರ ಮಾತಾಡಬೇಕು, ಉಳಿದವರು ಕಾಯಬೇಕು. ಈಗ ದೂರದ ಮೂಲೆಯಲ್ಲಿ ಒಬ್ಬರು ಕೂತಿದ್ದಾರೆ, ಅವರಿಗೆ ಹೇಳಿದ್ದು ಸರಿಯಾಗಿ ಕೇಳಿಸುವುದಿಲ್ಲ. ಬಡಿಸುವವರು ಅವರ ಮುಂದೆ ನಿಂತು ಒಂದೊಂದು ಮಾತನ್ನೂ ನಿಧಾನವಾಗಿ, ಎರಡೆರಡು ಸಲ ಹೇಳಬೇಕು. ಅಷ್ಟು ಹೊತ್ತು ಇಡೀ ಪಂಕ್ತಿ ಕಾಯುತ್ತದೆ.

ಸಿಗ್ನಲ್ ಕಡಿಮೆ ಇರುವ ಒಂದು ಫೋನ್ ಮನೆಯ ಎಲ್ಲರ ವೇಗ ಎಳೆಯುವುದು ಹೀಗೆ. ಗೇಟಿನ ಹತ್ತಿರದ ವೈಫೈ ಕ್ಯಾಮೆರಾ, ಮಹಡಿಯ ಮೂಲೆಯಲ್ಲಿ ಕೂತು ವಿಡಿಯೋ ನೋಡುವ ಮಗು, ಇವರು ಬಳಸುವ ಮಾಹಿತಿ ಸ್ವಲ್ಪವೇ ಇರಬಹುದು, ಆದರೆ ತಿನ್ನುವ ಸಮಯ ಜಾಸ್ತಿ. ಪಕ್ಕದ ಮನೆಯ ವೈಫೈ ಅದೇ ಚಾನೆಲ್‌ನಲ್ಲಿದ್ದರೆ ಅವರೂ ಇದೇ ಪಂಕ್ತಿಯಲ್ಲಿ ಕೂತ ಹಾಗೆ.

2.4 ಗಿಗಾಹರ್ಟ್ಜ್‌ನಲ್ಲಿ ಜಾಗವೇ ಕಡಿಮೆ. ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಬ್ಲೂಟೂತ್ ಅಲ್ಲೇ ಓಡಾಡುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅದೇ ಜಾಗದಲ್ಲಿ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಫೋನ್ ತೆರೆದರೆ ಇಪ್ಪತ್ತು ಮೂವತ್ತು ವೈಫೈ ಹೆಸರು ಕಾಣುತ್ತದೆ, ಅಲ್ವಾ? ಅವರೆಲ್ಲ ಈ ಮೂರು ಚಾನೆಲ್‌ಗಳನ್ನೇ ಹಂಚಿಕೊಂಡಿದ್ದಾರೆ. 5 ಗಿಗಾಹರ್ಟ್ಜ್‌ನಲ್ಲಿ ಜಾಗ ವಿಶಾಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಲ್ಲಿ ಒಟ್ಟು 605 ಮೆಗಾಹರ್ಟ್ಜ್ ಜಾಗವನ್ನು ಲೈಸೆನ್ಸ್ ಬೇಡ ಎಂದು ಬಿಟ್ಟುಕೊಟ್ಟಿತು. 2.4ರಲ್ಲಿ ಇರುವುದು 83.5 ಮಾತ್ರ. ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ ನಾನು ಹೇಳುವ ಮೊದಲ ಮಾತು ಇದು: 5ಕ್ಕೆ ಬನ್ನಿ.

ಆದರೆ 5ಕ್ಕೆ ಗೋಡೆ ದಾಟುವ ಶಕ್ತಿ ಕಡಿಮೆ. 2.4ರ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, 5ರದ್ದು ಐದಾರು ಸೆಂಟಿಮೀಟರ್. ಅಲೆ ಚಿಕ್ಕದಾದಷ್ಟೂ ಗೋಡೆಯಲ್ಲಿ ಬೇಗ ಸೋಲುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆ ಅಂದರೆ ಮುಕ್ಕಾಲು ಅಡಿಯಿಂದ ಒಂದಡಿ ದಪ್ಪ. ಆ ಕಲ್ಲಿನಲ್ಲಿ ತುಂಬ ತೂತು, ನೀರು ಹೀರುತ್ತದೆ. ತೇವದ ಗೋಡೆ ಒಣ ಗೋಡೆಗಿಂತ ಜಾಸ್ತಿ ಅಲೆ ನುಂಗುತ್ತದೆ. ಮಳೆಗಾಲದಲ್ಲೇ ಅಕ್ಕನ ಫೋನ್ ಬಂದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಹೊಸ ಮನೆಗಳಲ್ಲಿ ಸಿಮೆಂಟಿನ ಒಳಗಿನ ಕಬ್ಬಿಣ ಅಡ್ಡ ಬರುತ್ತದೆ. ಸ್ಟೀಲ್ ಕಪಾಟು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಇವೂ ಅಲೆಗೆ ಶತ್ರುಗಳೇ. ರೌಟರನ್ನು ಟೀವಿಯ ಹಿಂದೆ ಅಥವಾ ಶೋಕೇಸ್ ಒಳಗೆ ಬಚ್ಚಿಡುವುದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಚಂದ ಕಾಣಲಿ ಎಂದು ಮಾಡುವುದು. ಆದರೆ ಅದನ್ನು ಎತ್ತರದಲ್ಲಿ, ಬಯಲಾಗಿ, ಮನೆಯ ನಡುಭಾಗಕ್ಕೆ ಹತ್ತಿರ ಇಟ್ಟರೆ ಒಂದು ರೂಪಾಯಿ ಖರ್ಚಿಲ್ಲದೆ ವೇಗ ಜಾಸ್ತಿಯಾಗುತ್ತದೆ.

ರಿಪೀಟರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಗ್ಗದ ರಿಪೀಟರ್ ಕೇಳಿದ್ದನ್ನು ಅದೇ ಗಾಳಿಯಲ್ಲಿ ಮತ್ತೊಮ್ಮೆ ಹೇಳುತ್ತದೆ. ಒಂದೇ ಮಾತಿಗೆ ಎರಡು ಸಲ ಸಮಯ ಹೋಗುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸಿಗ್ನಲ್ ಸತ್ತ ಕೋಣೆಯೊಳಗೆ ಇಟ್ಟರಂತೂ ಪ್ರಯೋಜನವೇ ಇಲ್ಲ. ಅದಕ್ಕೇ ಸರಿಯಾಗಿ ಕೇಳಿಸದಿದ್ದರೆ ಬೇರೆಯವರಿಗೆ ಏನು ಹೇಳುತ್ತದೆ? ಇಡಲೇಬೇಕಾದರೆ ಅರ್ಧ ದಾರಿಯಲ್ಲಿ ಇಡಿ. ಕೇಬಲ್ ಎಳೆಯಲು ಸಾಧ್ಯವಿದ್ದರೆ ಕೇಬಲ್ ಎಳೆಯಿರಿ.

ಮೀಟಿಂಗ್ ನಿಂತದ್ದು ಯಾಕೆ?

ಇಷ್ಟು ಹೊತ್ತಿಗೆ ಭಾವ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ವಿಡಿಯೋ ಮೀಟಿಂಗ್‌ಗೆ ಎಷ್ಟು ವೇಗ ಬೇಕು?" ಚೆನ್ನಾಗಿ ಕಾಣಲು ಮೂರು ನಾಲ್ಕು ಎಂಬಿಪಿಎಸ್ ಸಾಕು ಎಂದೆ. "ಹಾಗಾದರೆ 22 ಇದ್ದೂ ಯಾಕೆ ನಿಲ್ಲುತ್ತದೆ?"

ಇಲ್ಲಿ ವೇಗದ ಜೊತೆ ಇನ್ನೊಂದು ವಿಷಯ ಸೇರುತ್ತದೆ, ತಡ. ಒಂದು ಸಣ್ಣ ತುಂಡು ಹೋಗಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದು. ಸಿನಿಮಾ ನೋಡುವಾಗ ತಡ ಗೊತ್ತಾಗುವುದಿಲ್ಲ. ಮುಂದಿನ ಒಂದಿಷ್ಟು ಭಾಗವನ್ನು ಮೊದಲೇ ಇಳಿಸಿಟ್ಟುಕೊಂಡಿರುತ್ತದೆ. ಮಾತಿನಲ್ಲಿ ಹಾಗೆ ಇಡಲು ಆಗುವುದಿಲ್ಲ. ಎದುರಿನವರು ಇನ್ನೂ ಆಡದ ಮಾತನ್ನು ಮೊದಲೇ ಇಳಿಸಿಕೊಳ್ಳುವುದು ಹೇಗೆ? ತುಂಡುಗಳು ಸರಿಯಾದ ಹೊತ್ತಿಗೆ, ಒಂದೇ ಲಯದಲ್ಲಿ ಬರುತ್ತಿರಬೇಕು. ತಡವಾಗಿ ಬಂದ ತುಂಡು ಮೀಟಿಂಗ್‌ಗೆ ಬಾರದ ತುಂಡಿಗೆ ಸಮ.

ಇದನ್ನು ಅಳೆಯುವುದು ಸುಲಭ, ಮತ್ತು ನನ್ನ ಪ್ರಕಾರ ಸ್ಪೀಡ್ ಟೆಸ್ಟ್‌ಗಿಂತ ಇದೇ ಹೆಚ್ಚು ಉಪಯೋಗದ ಪರೀಕ್ಷೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್‌ನಲ್ಲಿ ಪಿಂಗ್ (ping) ಎಂದು ಬರೆದು ಒಂದು ಜಾಗ ಬಿಟ್ಟು ನಿಮ್ಮ ರೌಟರ್‌ನ ವಿಳಾಸ ಹಾಕಿ. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ರೌಟರ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಈ ಪರೀಕ್ಷೆ ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಲ್ಯಾಪ್‌ಟಾಪ್‌ನಿಂದ ರೌಟರ್‌ವರೆಗೆ ಹೋಗಿ ಬರುತ್ತದೆ, ಅಷ್ಟೇ. ಕೇಬಲ್‌ನಲ್ಲಿದ್ದರೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಬರಬೇಕು. ಒಳ್ಳೆಯ ವೈಫೈಯಲ್ಲಿ ಎರಡರಿಂದ ಐದು. ಭಾವನ ಕೋಣೆಯಲ್ಲಿ 4 ಬಂತು, 6 ಬಂತು, ಆಮೇಲೆ 180, ಮತ್ತೆ 5, ಆಮೇಲೆ 240, ಒಂದು ತುಂಡು ಬರಲೇ ಇಲ್ಲ.

ಮುಖ ನಿಲ್ಲುತ್ತಿದ್ದದ್ದು ಇಲ್ಲಿ. ಇಂಟರ್ನೆಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಹಾಲ್‌ನಿಂದ ಕೋಣೆಗೆ ಬರುವ ಹತ್ತು ಮೀಟರ್ ದಾರಿಯಲ್ಲೇ ತುಂಡುಗಳು ಹಾಳಾಗಿ, ಮತ್ತೆ ಮತ್ತೆ ಕಳಿಸಲ್ಪಟ್ಟು, ತಡವಾಗುತ್ತಿದ್ದವು. ಸ್ಪೀಡ್ ಟೆಸ್ಟ್ ಇದನ್ನು ಮುಚ್ಚಿಬಿಡುತ್ತದೆ. ಹತ್ತಿಪ್ಪತ್ತು ಸೆಕೆಂಡಿನ ಸರಾಸರಿ ತೆಗೆದು 22 ಎಂದು ತೋರಿಸುತ್ತದೆ. ನಡುವೆ ಕಾಲು ಸೆಕೆಂಡು ಎಲ್ಲ ನಿಂತಿದ್ದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ.

ತಡಕ್ಕೆ ಇನ್ನೊಂದು ಕಾರಣವೂ ಆ ಮನೆಯಲ್ಲಿತ್ತು. ಮಗ ಕಾಲೇಜಿನಿಂದ ಬಂದ ಕೂಡಲೇ ಅವನ ಫೋನ್ ಆ ದಿನ ತೆಗೆದ ಫೋಟೋ, ವಿಡಿಯೋಗಳನ್ನೆಲ್ಲ ಕ್ಲೌಡ್‌ಗೆ ಏರಿಸಲು ಶುರು ಮಾಡುತ್ತದೆ. ಏರಿಸುವ ದಾರಿ ತುಂಬಿದಾಗ ಭಾವನ ಮಾತಿನ ಸಣ್ಣ ತುಂಡು ಅವನ ವಿಡಿಯೋಗಳ ಹಿಂದೆ ಸಾಲು ನಿಲ್ಲಬೇಕು. ಅಪ್‌ಲೋಡ್ ವೇಗ ಡೌನ್‌ಲೋಡ್‌ಗಿಂತ ಕಡಿಮೆ ಇರುವ ಪ್ಲಾನ್‌ಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಕೆಲಸದ ಹೊತ್ತಿನಲ್ಲಿ ಬ್ಯಾಕಪ್ ಬೇಡ, ರಾತ್ರಿ ಆಗಲಿ ಎಂದು ಫೋನ್‌ನಲ್ಲಿ ಬದಲಿಸಿದೆವು.

ಇಂಟರ್ನೆಟ್ ಇಲ್ಲದೆಯೂ ಓಡುವ ವೇಗ

ಮನೆಯ ನೆಟ್‌ವರ್ಕ್ ಇಂಟರ್ನೆಟ್ ತರಲು ಮಾತ್ರ ಇರುವುದಲ್ಲ. ಫೋನ್‌ನಿಂದ ಪ್ರಿಂಟರ್‌ಗೆ ಕಾಗದ ಕಳಿಸಿದಾಗ, ಹಾಲ್‌ನ ಟೀವಿಯಲ್ಲಿ ಕಂಪ್ಯೂಟರ್‌ನಲ್ಲಿರುವ ಮದುವೆ ವಿಡಿಯೋ ನೋಡಿದಾಗ, ಮನೆಯೊಳಗೇ ಕೂತು ಸಿಸಿಟಿವಿಯ ಡಿವಿಆರ್ ತೆರೆದಾಗ ಮಾಹಿತಿ ಮನೆಯ ಒಳಗೇ ಸುತ್ತಬಲ್ಲದು. ಪ್ಲಾನ್ 30 ಇರಲಿ, 300 ಇರಲಿ, ಆ ದಿನ ಬಿಲ್ ಕಟ್ಟದೆ ಲೈನ್ ಕಡಿದಿರಲಿ, ಈ ದಾರಿಗೆ ವ್ಯತ್ಯಾಸ ಇಲ್ಲ.

ಒಂದು ಲೆಕ್ಕ ನೋಡಿ. 40 ಜಿಬಿಯ ಮದುವೆ ವಿಡಿಯೋವನ್ನು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಕಳಿಸಬೇಕು. ಭಾವನ ಕೋಣೆಯ 22ರ ವೈಫೈಯಲ್ಲಿ ಸೆಕೆಂಡಿಗೆ 2.75 ಮೆಗಾಬೈಟ್. ನಾಲ್ಕು ಗಂಟೆ ಬೇಕು. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್. ಡಿಸ್ಕ್ ಅಷ್ಟು ವೇಗ ಕೊಟ್ಟರೆ ಆರು ನಿಮಿಷ ಸಾಕು. ಎರಡೂ ಕಂಪ್ಯೂಟರ್ ವೈಫೈಯಲ್ಲೇ ಇದ್ದರೆ ಇನ್ನೊಂದು ತೊಡಕು ಇದೆ. ಪ್ರತಿ ತುಂಡು ಮೊದಲು ರೌಟರ್‌ಗೆ ಏರಬೇಕು, ಅಲ್ಲಿಂದ ಇನ್ನೊಂದಕ್ಕೆ ಇಳಿಯಬೇಕು. ಒಂದೇ ಗಾಳಿಯನ್ನು ಎರಡು ಸಲ ಬಳಸಿದಂತಾಗುತ್ತದೆ. ಒಂದನ್ನಾದರೂ ಕೇಬಲ್‌ಗೆ ಹಾಕಿದರೆ ಆ ಭಾರ ಅರ್ಧ ಇಳಿಯುತ್ತದೆ.

ಮನೆ ಸರಿ ಇದ್ದು ಹೊರಗಿನದು ಕೈಕೊಟ್ಟಾಗ

ಯಾವಾಗಲೂ ತಪ್ಪು ಮನೆಯದ್ದೇ ಆಗಿರಬೇಕೆಂದೇನೂ ಇಲ್ಲ. ಕಂಪನಿಯ ಕೇಂದ್ರದಿಂದ ಬರುವ ಒಂದು ಫೈಬರ್ ಎಳೆಯನ್ನು ದಾರಿಯಲ್ಲಿ ಒಡೆದು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಹೆಚ್ಚಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಆ ಎಳೆಯ ಒಟ್ಟು ವೇಗ ಸುಮಾರು 2500 ಎಂಬಿಪಿಎಸ್. ಎಲ್ಲರೂ ಒಂದೇ ಹೊತ್ತಿಗೆ ಪೂರ್ತಿ ಬಳಸುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಹೆಚ್ಚಿನ ದಿನ ಆ ನಂಬಿಕೆ ಸರಿಯಾಗಿಯೇ ಇರುತ್ತದೆ. ಅಲ್ಲಿಂದ ಮುಂದೆ ಕಂಪನಿ ಹೊರಗಿನ ಲೋಕಕ್ಕೆ ಎಷ್ಟು ದೊಡ್ಡ ದಾರಿ ಇಟ್ಟುಕೊಂಡಿದೆ ಎಂಬುದು ಬೇರೆ ವಿಷಯ. ಬಾಕ್ಸ್‌ಗೆ ನೇರ ಕೇಬಲ್ ಹಾಕಿ ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಪರೀಕ್ಷೆ ಮಾಡಿ. ಬೆಳಿಗ್ಗೆ 290, ರಾತ್ರಿ 60 ಬಂದರೆ ಆಗ ಕಂಪನಿಯವರಿಗೆ ಧೈರ್ಯವಾಗಿ ಫೋನ್ ಮಾಡಿ. ಕೇಬಲ್ ಹಾಕಿ ಅಳೆದಿದ್ದೇನೆ ಎಂದು ಮೊದಲೇ ಹೇಳಿ. ವೈಫೈಯಲ್ಲಿ ಅಳೆದದ್ದನ್ನು ಅವರು ಒಪ್ಪುವುದಿಲ್ಲ, ಒಪ್ಪದಿರಲು ಅವರಿಗೆ ಕಾರಣವೂ ಇದೆ.

ಅನ್‌ಲಿಮಿಟೆಡ್ ಎಂದಿದ್ದರೂ ಎಷ್ಟೋ ಪ್ಲಾನ್‌ಗಳಲ್ಲಿ ತಿಂಗಳಿಗೆ ಇಷ್ಟು ಜಿಬಿ ಎಂಬ ಮಿತಿ ಇರುತ್ತದೆ. ಅದು ದಾಟಿದರೆ ವೇಗ ತುಂಬಾ ಇಳಿಯುತ್ತದೆ. ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾಗುತ್ತಿದ್ದರೆ ಇದನ್ನು ನೋಡಿ.  

ಸ್ಪೀಡ್ ಟೆಸ್ಟ್‌ನಲ್ಲಿ ಪೂರ್ತಿ ಬಂದರೂ ಕೆಲವು ಜಾಲತಾಣ ನಿಧಾನ ತೆರೆಯುವುದುಂಟು. ಸ್ಪೀಡ್ ಟೆಸ್ಟ್ ನಿಮಗೆ ಹತ್ತಿರದ ಕಂಪ್ಯೂಟರನ್ನು ಹುಡುಕಿ ಅದರ ಜೊತೆ ಅಳೆಯುತ್ತದೆ. ಬಹಳ ಸಲ ಅದು ನಿಮ್ಮ ಕಂಪನಿಯದ್ದೇ ಆಗಿರುತ್ತದೆ. ನೆಟ್‌ಫ್ಲಿಕ್ಸ್‌ನಂಥವರು ತಮ್ಮ ಸಿನಿಮಾಗಳ ಪ್ರತಿಯನ್ನು ಇಂಟರ್ನೆಟ್ ಕಂಪನಿಗಳ ಕೇಂದ್ರದಲ್ಲೇ ತಂದಿಟ್ಟಿರುತ್ತಾರೆ, ಹಾಗಾಗಿ ಅದು ಬೇಗ ಬರುತ್ತದೆ. ಬೇರೆ ದೇಶದ ಸಣ್ಣ ಜಾಲತಾಣಕ್ಕೆ ಆ ಅನುಕೂಲ ಇಲ್ಲ.

ಅಕ್ಕನ ಮಗಳು ಜರ್ಮನಿಯಲ್ಲಿದ್ದಾಳೆ. ಅವಳ ಜೊತೆ ಮಾತಾಡುವಾಗ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ ಎಂದು ಅಕ್ಕನ ದೂರು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ಗೆರೆ ಎಳೆದರೂ ಸುಮಾರು 7400 ಕಿ.ಮೀ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲು 74 ಮಿಲಿಸೆಕೆಂಡ್ ಬೇಕೇ ಬೇಕು. ಸಮುದ್ರದ ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಜಾಸ್ತಿ. ಇದರ ಮೇಲೆ ಮನೆಯ ವೈಫೈ 200 ಸೇರಿಸಿದರೆ ಮಾತು ತಪ್ಪುವುದು ಸಹಜ. ಆ 74ನ್ನು ಯಾವ ಪ್ಲಾನ್ ಕೂಡ ಕಡಿಮೆ ಮಾಡಲಾರದು. ಮನೆಯ 200ನ್ನು ನಾವು ತೆಗೆದುಹಾಕಬಹುದು.

ತೆಗೆದೆವು ಕೂಡ. ಹಳೆಯ ರೌಟರ್ ಆಫ್ ಮಾಡಿ, ಫೈಬರ್ ಬಾಕ್ಸ್‌ನ ವೈಫೈಗೆ ಹಳೆಯ ಹೆಸರು ಕೊಟ್ಟೆವು. ಹಾಲ್‌ನಲ್ಲಿ 5 ಗಿಗಾಹರ್ಟ್ಜ್‌ನಲ್ಲಿ 280 ಬಂತು. ಭಾವನ ಕೋಣೆಯಲ್ಲಿ 60ರ ಆಸುಪಾಸು, ಅದೂ ಬಾಗಿಲು ತೆರೆದಿದ್ದರೆ. ಎರಡು ಕೆಂಪುಕಲ್ಲಿನ ಗೋಡೆ ದಾಟಲು ಅದರಿಂದ ಅಷ್ಟೇ ಸಾಧ್ಯ. ಹಾಗಾಗಿ ಅಟ್ಟದ ಮೇಲಿಂದ ಒಂದು ಕ್ಯಾಟ್ 6 ಕೇಬಲ್ ಎಳೆದೆವು, ಸುಮಾರು 18 ಮೀಟರ್. 100 ಮೀಟರ್‌ವರೆಗೆ ಈ ಕೇಬಲ್ ಗಿಗಾಬಿಟ್ ಕೊಡುತ್ತದೆ. ಕೋಣೆಯಲ್ಲಿ ಗಿಗಾಬಿಟ್ ಪೋರ್ಟ್ ಇರುವ ಒಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಹಾಕಿದೆವು.

ಮೊದಲ ಸಲ ಅಳೆದಾಗ ಏನು ಬಂತು ಗೊತ್ತಾ? ಮತ್ತೆ 94! ಪೋರ್ಟ್ ಎರಡೂ ಕಡೆ ಗಿಗಾಬಿಟ್, ಕೇಬಲ್ ಹೊಸದು. ಜ್ಯಾಕ್ ಬಿಚ್ಚಿ ನೋಡಿದರೆ ನಾನೇ ಕ್ರಿಂಪ್ ಮಾಡಿದ, ಅಂದರೆ ಜ್ಯಾಕ್ ಒತ್ತಿ ಕೂರಿಸಿದ, ತುದಿಯಲ್ಲಿ ಕಂದು ಬಣ್ಣದ ಎಳೆ ಕೊನೆಯವರೆಗೆ ಮುಟ್ಟಿರಲಿಲ್ಲ. ಲ್ಯಾನ್ ಕೇಬಲ್‌ನಲ್ಲಿ ಎಂಟು ಎಳೆ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಎಳೆ ಸಡಿಲ ಇದ್ದರೆ ಲೈನ್ ಸಾಯುವುದಿಲ್ಲ, ಹೆಚ್ಚಾಗಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಕೇಬಲ್ ಸರಿ ಇದೆ ಎಂದು ವರ್ಷಗಟ್ಟಲೆ ನಂಬಿಕೊಂಡಿರುವುದು ಇದರಿಂದಲೇ. ಜ್ಯಾಕ್ ಕತ್ತರಿಸಿ ಹೊಸದಾಗಿ ಹಾಕಿದೆ. ಲ್ಯಾಪ್‌ಟಾಪ್ 1000 ತೋರಿಸಿತು, ಟೆಸ್ಟ್ 290 ದಾಟಿತು. ಕೇಬಲ್‌ನಲ್ಲಿ ಫೈಬರ್ ಬಾಕ್ಸ್‌ಗೆ ಪಿಂಗ್ ಒಂದು ಮಿಲಿಸೆಕೆಂಡಿನ ಒಳಗೆ, ಒಂದೂ ತುಂಡು ತಪ್ಪದೆ.

ಸಂಜೆ ಅಕ್ಕ ಕಾಫಿ ತಂದುಕೊಟ್ಟು ಎದುರು ಕೂತಳು. ನಿಜವಾಗಿ ಈ ಮನೆಗೆ ಎಷ್ಟು ಬೇಕು ಎಂದು ಇಬ್ಬರೂ ಲೆಕ್ಕ ಹಾಕಿದೆವು. 4ಕೆ ಸಿನಿಮಾಕ್ಕೆ ನೆಟ್‌ಫ್ಲಿಕ್ಸ್ ಹೇಳುವುದು 15. ಭಾವನ ಮೀಟಿಂಗ್ 4, ಜರ್ಮನಿಯ ಫೋನ್ 4. ಮಗನ ಆಟಕ್ಕೆ ಒಂದೂ ಬೇಡ, ಅದಕ್ಕೆ ತಡ ಕಡಿಮೆ ಇದ್ದರೆ ಸಾಕು. ಕ್ಯಾಮೆರಾಗೆ 2 ಇಟ್ಟೆವು. ಎಲ್ಲ ಒಂದೇ ಹೊತ್ತಿಗೆ ನಡೆದರೂ 30 ದಾಟಲಿಲ್ಲ. ಅಕ್ಕ ಕಾಗದವನ್ನು ಎರಡು ಸಲ ನೋಡಿದಳು. ಮುಂದಿನ ತಿಂಗಳು ಅದೇ ಹುಡುಗನಿಗೆ ಫೋನ್ ಮಾಡಿ ಪ್ಲಾನ್ ಮತ್ತೆ 100ಕ್ಕೆ ಇಳಿಸಿದಳಂತೆ. ಭಾವನ ಮೀಟಿಂಗ್ ಈಗ ನಿಲ್ಲುವುದಿಲ್ಲ.